ಕೀವು ತುಂಬಿದ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಯಾಕೆ ಹಿಡಿಯಲ್ಲ?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಕೆಳಗಿನ ದವಡೆ ಹಲ್ಲೊಂದು ಹುಳುಕಾಗಿ ಕೆನ್ನೆಯೇ ಬಾತುಕೊಂಡಿತ್ತು. ಕೀಳಿಸೋಣ ಅಂತ ಹೋದೆ. ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ತುಟಿ ಒಂದು ಕಡೆ ಪೂರ್ತಿ ಮರಗಟ್ಟಿತು. ನಾಲಿಗೆ ಅರ್ಧ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಹಲ್ಲಿಗೆ ಇಕ್ಕಳ ತಾಗಿಸಿದ್ದೇ ತಡ, ಪ್ರಾಣ ಹೋದ ಹಾಗಾಯಿತು. ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅದೇ ಕಥೆ. ಆಮೇಲೆ "ಕೀವಿದೆ, ಹಿಡಿಯಲ್ಲ, ಊತ ಇಳಿದ ಮೇಲೆ ಬನ್ನಿ" ಅಂತ ಮಾತ್ರೆ ಬರೆದು ಕಳಿಸಿದರು. ಯಾಕೆ ಹಿಡಿಯಲ್ಲ ಅಂತ ಕೇಳಿದ್ದಕ್ಕೆ ಹೊರಗೆ ಜನ ಕಾಯ್ತಿದ್ದಾರೆ ಅನ್ನೋ ಮುಖ ಮಾಡಿದರು.

ಔಷಧಿ ಅದೇ, ಸೂಜಿ ಅದೇ, ನರವೂ ಅದೇ ಅಲ್ವಾ? ಕೀವಿದ್ದರೆ ಔಷಧಿಗೆ ಏನಾಗುತ್ತದೆ? ನಾನು ಓದಿದ್ದು ಬಿಕಾಂ. ಸ್ವಲ್ಪ ಬಿಡಿಸಿ ಹೇಳಿ.

ಮಲ್ಲಂದೂರು ರಸ್ತೆ (ಚಿಕ್ಕಮಗಳೂರು)

ನಮ್ಮಪ್ಪನಿಗೂ ಹೀಗೇ ಆಗಿತ್ತು. ಲವಂಗದ ಎಣ್ಣೆ ಹಚ್ಚಿ ಕೂತಿದ್ದರು. ಕಾರಣ ಮಾತ್ರ ಯಾರೂ ಹೇಳಲಿಲ್ಲ. ಓದ್ತಾ ಇರ್ತೀನಿ.

ಜೀವಶಾಸ್ತ್ರ ಮೇಷ್ಟ್ರು (ಚಿಕ್ಕಮಗಳೂರು)

ಹೇಮಾವತಿ ಅವರೇ, ಉತ್ತರ ಹುಡುಕಬೇಕಾದ ಜಾಗ ನರಕೋಶದ ಪೊರೆ.

ಆ ಪೊರೆ ಕೊಬ್ಬಿನದು. ಎರಡು ಪದರ ಸೇರಿದರೂ ದಪ್ಪ ಸುಮಾರು 5 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಆ ಕಡೆ ನೀರು, ಈ ಕಡೆ ನೀರು, ನಡುವೆ ಜಿಡ್ಡು. ಜಿಡ್ಡಿನಲ್ಲಿ ಕರಗುವ ವಸ್ತು ಸಲೀಸಾಗಿ ದಾಟುತ್ತದೆ. ಆಮ್ಲಜನಕ, ಸಾರಾಯಿ, ಈಥರ್ ಎಲ್ಲ ಹೀಗೆ ಹೋಗುವವು. ವಿದ್ಯುತ್ ಚಾರ್ಜ್ ಇರುವ ಕಣ, ಅಂದರೆ ಅಯಾನು, ದಾಟುವುದಿಲ್ಲ. ಸೋಡಿಯಂ ಅಯಾನು ಸಾರಾಯಿ ಅಣುವಿಗಿಂತ ಎಷ್ಟೋ ಚಿಕ್ಕದು, ಆದರೂ ಹೋಗಲ್ಲ. ಅದು ಸುತ್ತಲೂ ನೀರಿನ ಅಣುಗಳನ್ನು ಬಿಗಿಯಾಗಿ ಸೆಳೆದುಕೊಂಡಿರುತ್ತದೆ. ನೀರು ಬಿಟ್ಟು ಜಿಡ್ಡಿಗೆ ಇಳಿಯಲು ತುಂಬಾ ಶಕ್ತಿ ಬೇಕು. ಹಾಗಾಗಿ ಅದಕ್ಕೆ ಪೊರೆಯಲ್ಲಿ ಹುದುಗಿರುವ ಪ್ರೋಟೀನಿನ ಕೊಳವೆ, ಅಂದರೆ ಚಾನೆಲ್ಲೇ ಗತಿ.

ಇದನ್ನು ಮೊದಲು ಸರಿಯಾಗಿ ಕಂಡವರು ಅರ್ನೆಸ್ಟ್ ಓವರ್ಟನ್. 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ನೂರಾರು ವಸ್ತುಗಳನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಆಲಿವ್ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದು ಕೋಶದೊಳಗೂ ಬೇಗ ಹೋಗುತ್ತದೆ ಅಂತ ಕಂಡುಕೊಂಡರು. ಆಗ ಪೊರೆಯನ್ನು ಕಣ್ಣಿಂದ ನೋಡುವ ಸಾಧನ ಇರಲಿಲ್ಲ. ಬರೀ ಇಷ್ಟರಿಂದ ಅದು ಕೊಬ್ಬಿನ ಥರದ್ದು ಅಂತ ಊಹಿಸಿದ್ದು ಸಣ್ಣ ವಿಷಯ ಅಲ್ಲ.

ಈಗ ನಿಮ್ಮ ಇಂಜೆಕ್ಷನ್. ಬಹುತೇಕ ಕಡೆ ಕೊಡುವುದು ಲಿಡೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ನೀರಿನಲ್ಲಿ ಅದು ಎರಡು ರೂಪದಲ್ಲಿ ಇರುತ್ತದೆ. ಒಂದಕ್ಕೆ ಚಾರ್ಜ್ ಇದೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಂದರಿಂದೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಯಾವುದು ಎಷ್ಟು ಅನ್ನುವುದನ್ನು ನಿರ್ಧರಿಸುವುದು ಸುತ್ತಲಿನ ಹುಳಿ, ಅಂದರೆ ಪಿಎಚ್. ಹುಳಿ ಜಾಸ್ತಿಯಾದಷ್ಟೂ ಪಿಎಚ್ ಕಮ್ಮಿ. ಪಿಎಚ್ 7.9 ಇದ್ದರೆ ಅರ್ಧ ಅರ್ಧ. ಆರೋಗ್ಯವಾಗಿರುವ ಅಂಗಾಂಶದ ಪಿಎಚ್ 7.4. ಅಲ್ಲಿ ನೂರಕ್ಕೆ 24ರಷ್ಟು ಅಣುಗಳಿಗೆ ಚಾರ್ಜ್ ಇರುವುದಿಲ್ಲ. ಪೊರೆ ದಾಟುವುದು ಇವೇ.

ಕೀವಾದ ಜಾಗ ಹುಳಿಯಾಗಿರುತ್ತದೆ. ಪಿಎಚ್ 6.4ಕ್ಕೆ ಇಳಿಯಿತು ಅನ್ನಿ. ಆಗ ಚಾರ್ಜ್ ಇಲ್ಲದ್ದು ನೂರಕ್ಕೆ 3 ಮಾತ್ರ. ಸಿರಿಂಜಿನಲ್ಲಿ ಹೋದ ಔಷಧಿ ಅಷ್ಟೇ, ಒಳಗೆ ತಲುಪುವುದು ತೀರಾ ಕಡಿಮೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಪೊರೆ ದಾಟುವುದು ಚಾರ್ಜ್ ಇಲ್ಲದ ರೂಪ. ಆದರೆ ಒಳಗೆ ಹೋದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಚಾರ್ಜ್ ಇರುವ ರೂಪ. ಅದು ಸೋಡಿಯಂ ಚಾನೆಲ್‌ನ ಒಳಬಾಯಿಯಿಂದ ಹೊಕ್ಕು ಕೂತುಬಿಡುತ್ತದೆ. ಲಿಡೋಕೇನ್‌ಗೆ ಸ್ವಲ್ಪ ಬದಲಾವಣೆ ಮಾಡಿ ಸದಾ ಚಾರ್ಜ್ ಇರುವ ಹಾಗೆ ಮಾಡಿದ ಕ್ಯೂಎಕ್ಸ್-314 ಎಂಬ ವಸ್ತು ಇದೆ. ಅದನ್ನು ನರದ ಹೊರಗೆ ಹಾಕಿದರೆ ಏನೂ ಆಗಲ್ಲ. ನರದೊಳಗೇ ಚುಚ್ಚಿ ಹಾಕಿದರೆ ಸೋಡಿಯಂ ನಿಲ್ಲುತ್ತದೆ. ಸೋಡಿಯಂ ಒಳಗೆ ನುಗ್ಗದಿದ್ದರೆ ನರದಲ್ಲಿ ಸಂದೇಶ ಹುಟ್ಟುವುದಿಲ್ಲ. ನೋವಿನ ಸುದ್ದಿ ಮೆದುಳಿಗೆ ಹೋಗುವುದಿಲ್ಲ.

ಕೀವಿನ ಹುಳಿ ಒಂದು ಕಾರಣ ಅಷ್ಟೇ. ಬೇರೆಯವೂ ಇರುತ್ತವೆ. ಹಲ್ಲಿನ ಡಾಕ್ಟರು ಯಾರಾದರೂ ಇದ್ದರೆ ಹೇಳಲಿ.

ಹೊಗೆಸೊಪ್ಪಿನ ಹೊಲ (ಅರಕಲಗೂಡು)

ಮೇಷ್ಟ್ರೇ, ಹುಳಿಯಾದರೆ ಒಳಗೆ ಹೋಗಲ್ಲ ಅಂದಿರಿ. ಹಾಗಾದರೆ ಸುಣ್ಣ ಹಾಕಿದರೆ ಜಾಸ್ತಿ ಹೋಗಬೇಕಲ್ವಾ? ನಮ್ಮ ಕಡೆ ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಳ್ಳುವವರು ಇದ್ದಾರೆ. ಸುಣ್ಣ ಇಲ್ಲದಿದ್ದರೆ "ಖಡಕ್ ಇಲ್ಲ" ಅಂತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇನ್ನೊಂದು. ಮಳೆಯಲ್ಲಿ ನೆಂದ ಸೊಪ್ಪು ಮುರಿದ ದಿನ ಆಳುಗಳಿಗೆ ತಲೆ ಸುತ್ತುತ್ತದೆ. ಕೆಲವರು ವಾಂತಿ ಮಾಡಿಕೊಳ್ಳುತ್ತಾರೆ. ಪಿತ್ತ ಕೆದರಿದೆ ಅಂತ ನಿಂಬೆಹಣ್ಣಿನ ಪಾನಕ ಕುಡಿಸ್ತೀವಿ. ಬಾಯಿಗೆ ಹಾಕದೇ ಇದ್ದವರಿಗೂ ಹೀಗೇ ಆಗುತ್ತದೆ.

ಜೀವಶಾಸ್ತ್ರ ಮೇಷ್ಟ್ರು

ಸಂಬಂಧ ಇದೆಯಾ ಅಂತ ಕೇಳ್ತೀರಲ್ಲ, ಎರಡೂ ಒಂದೇ ಲೆಕ್ಕ ಕಣ್ರೀ!

ನಿಕೋಟಿನ್ ಕೂಡ ಲಿಡೋಕೇನ್ ಹಾಗೇ ಎರಡು ರೂಪದಲ್ಲಿ ಇರುತ್ತದೆ. ಅರ್ಧ ಅರ್ಧ ಆಗುವ ಪಿಎಚ್ 8.0. ಲಿಡೋಕೇನ್‌ಗೆ 7.9. ಹೆಚ್ಚು ಕಮ್ಮಿ ಒಂದೇ. ಸುಣ್ಣ ಬಿದ್ದು ಬಾಯಲ್ಲಿ ಪಿಎಚ್ 9 ಆದರೆ ನಿಕೋಟಿನ್‌ನಲ್ಲಿ ನೂರಕ್ಕೆ 90 ಭಾಗ ಚಾರ್ಜ್ ಇಲ್ಲದ ರೂಪಕ್ಕೆ ಬರುತ್ತದೆ. ಬಾಯಿಯ ಒಳಚರ್ಮದ ಕೋಶ, ರಕ್ತನಾಳದ ಕೋಶ, ಆಮೇಲೆ ಮೆದುಳಿನ ಸುತ್ತ ಇರುವ ಬಿಗಿಯಾದ ತಡೆ, ಎಲ್ಲವನ್ನೂ ದಾಟಿ ಹೋಗುತ್ತದೆ. "ಖಡಕ್" ಅನ್ನುವುದು ಅದನ್ನೇ. ಬಾಯಿ ಸುಟ್ಟು ಹುಣ್ಣಾಗುವುದು, ಆಮೇಲೆ ಅದು ಕ್ಯಾನ್ಸರಿಗೆ ತಿರುಗುವುದು ಬೇರೆ ವಿಷಯ. ಅದನ್ನು ನಿಮಗೆ ನಾನು ಹೇಳಬೇಕಿಲ್ಲ.

ಮೆದುಳಿಗೆ ಹೋದ ಮೇಲೆ ನಿಕೋಟಿನ್ ಮತ್ತೆ ಚಾರ್ಜ್ ಪಡೆದು, ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಅಲ್ಲೊಂದು ಚಾನೆಲ್ ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಲಿಡೋಕೇನ್ ಸೋಡಿಯಂ ತಡೆಯುತ್ತದೆ, ನಿಕೋಟಿನ್ ಬಿಡುತ್ತದೆ. ಎರಡೂ ಪೊರೆ ದಾಟುವುದು ಚಾರ್ಜ್ ಕಳಚಿಕೊಂಡು, ಕೆಲಸ ಮಾಡುವುದು ಚಾರ್ಜ್ ಹೊತ್ತುಕೊಂಡು.

ನೀವು ಬೆಳೆಯುವುದು ವರ್ಜೀನಿಯಾ ತಾನೇ, ರಾಮನಾಥಪುರದ ಹರಾಜಿಗೆ ಹೋಗುವಂಥದ್ದು? ಬ್ಯಾರನ್‌ನಲ್ಲಿ (ಸೊಪ್ಪು ಹದ ಮಾಡುವ ಬಿಸಿ ಕೋಣೆಯಲ್ಲಿ) ಬೇಯಿಸಿದ ಆ ಸೊಪ್ಪಿನ ಸಿಗರೇಟಿನ ಹೊಗೆ ಸ್ವಲ್ಪ ಹುಳಿ. ಆ ಹೊಗೆಯಿಂದ ಬಾಯಲ್ಲಿ ನಿಕೋಟಿನ್ ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೇ ಸಿಗರೇಟು ಸೇದುವವರು ಹೊಗೆಯನ್ನು ಎದೆಯೊಳಗೆ ಎಳೆಯುತ್ತಾರೆ. ಶ್ವಾಸಕೋಶದಲ್ಲಿ ಪಿಎಚ್ 7.4 ಇದೆ, ಜಾಗವೂ ವಿಶಾಲ. ಕ್ಷಣದಲ್ಲಿ ರಕ್ತಕ್ಕೆ ಸೇರುತ್ತದೆ. ಚುಟ್ಟಾದ ಹೊಗೆ ಇದಕ್ಕೆ ಉಲ್ಟಾ. ಬಾಯಲ್ಲಿ ಇಟ್ಟುಕೊಂಡರೂ ಸಾಕು.

ಆಳುಗಳ ತಲೆಸುತ್ತು ಪಿತ್ತ ಅಲ್ಲ. ಅದು ನಿಕೋಟಿನ್ ನಂಜು. ಒದ್ದೆ ಎಲೆಯ ಮೇಲಿನ ನೀರಿಗೆ ನಿಕೋಟಿನ್ ಇಳಿದಿರುತ್ತದೆ, ಬಟ್ಟೆ ನೆಂದು ಮೈಗೆ ಅಂಟಿಕೊಂಡಿರುತ್ತದೆ, ಗಂಟೆಗಟ್ಟಲೆ ಚರ್ಮದ ಮೂಲಕ ಒಳಗೆ ಹೋಗುತ್ತಾ ಇರುತ್ತದೆ. ತಂಬಾಕು ಬೆಳೆಯುವ ಎಲ್ಲ ದೇಶದಲ್ಲೂ ಇದು ಗೊತ್ತಿರುವ ಕಾಯಿಲೆ. ಪ್ಲಾಸ್ಟಿಕ್ ಕೋಟು, ರಬ್ಬರ್ ಗ್ಲೌಸ್ ಕೊಡಿ. ನೆಂದ ಬಟ್ಟೆ ಬೇಗ ಬದಲಾಯಿಸಿ ಸೋಪು ಹಾಕಿ ಮೈ ತೊಳೆಯಲಿ. ಸಾಧ್ಯವಾದರೆ ಎಲೆ ಒಣಗಿದ ಮೇಲೆ ಮುರಿಸಿ. ಮಕ್ಕಳನ್ನು, ಬಸುರಿ ಹೆಂಗಸರನ್ನು ದಯವಿಟ್ಟು ಆ ಕೆಲಸಕ್ಕೆ ಕರೆಯಬೇಡಿ.

ಹೊಗೆಸೊಪ್ಪಿನ ಹೊಲ

ಕೋಟು ಹಾಕಿಕೊಂಡರೆ ಒಳಗೆ ಬೆವರು, ಯಾರೂ ಹಾಕಲ್ಲ ಮೇಷ್ಟ್ರೇ. ಗ್ಲೌಸ್ ಹಾಕಿದರೆ ಕೈ ಓಡಲ್ಲ ಅಂತಾರೆ. ಆದರೂ ಬಟ್ಟೆ ಬದಲಾಯಿಸುವುದು, ಮೈ ತೊಳೆಯುವುದು ಮಾಡಿಸಬಹುದು. ಪಂಪ್‌ಸೆಟ್ ಪಕ್ಕದಲ್ಲೇ ಇದೆ.

ಬೇಲೂರು ಪಿಯು ಹುಡುಗಿ

ಸರ್, ಒಂದು ಡೌಟು. ಕೀವಿನ ಜಾಗದಲ್ಲಿ 3 ಪರ್ಸೆಂಟ್ ಮಾತ್ರ ಒಳಗೆ ಹೋಗುತ್ತದೆ ಅಂದಿರಿ. ಆ 3 ಒಳಗೆ ಹೋದ ಮೇಲೆ ಹೊರಗೆ ಉಳಿದ 97ರಲ್ಲಿ ಮತ್ತೆ 3 ಪರ್ಸೆಂಟ್ ಚಾರ್ಜ್ ಕಳೆದುಕೊಳ್ಳಬೇಕಲ್ವಾ? ಹಾಗೇ ಆಗುತ್ತಾ ಹೋದರೆ ಕೊನೆಗೆ ಎಲ್ಲಾ ಒಳಗೆ ಹೋಗಬೇಕು. ಕಾಯುತ್ತಾ ಕೂತರೆ ಸಾಕಲ್ಲ?

ಜೀವಶಾಸ್ತ್ರ ಮೇಷ್ಟ್ರು

ಶಭಾಷ್ ಮಗಳೇ. ಲೆಕ್ಕ ಸರಿಯಾಗಿದೆ. ಆ ಬದಲಾವಣೆ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಹಾಗಾಗಿ ಹುಳಿ ಬಾಗಿಲು ಮುಚ್ಚುವುದಿಲ್ಲ, ವೇಗ ಇಳಿಸುತ್ತದೆ ಅಷ್ಟೇ. ಒದ್ದೆ ಸೊಪ್ಪಿನ ರಸ ಹುಳಿಯಾಗಿದ್ದರೂ ನಿಕೋಟಿನ್ ಮೈಗೆ ಹೋಗುವುದು ಇದೇ ಕಾರಣಕ್ಕೆ. ಇಡೀ ದಿನ ಮೈಮೇಲೆ ಇರುತ್ತದಲ್ಲ.

ಆದರೆ ಹಲ್ಲಿನ ಹತ್ತಿರ ಔಷಧಿಗೆ ಅಷ್ಟು ಸಮಯ ಸಿಗುವುದಿಲ್ಲ. ಊದಿಕೊಂಡ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಔಷಧಿ ನರಕ್ಕೆ ಇಳಿಯುವ ಮೊದಲೇ ರಕ್ತ ಅದನ್ನು ಎತ್ತಿಕೊಂಡು ಹೋಗುತ್ತದೆ. ಲಿಡೋಕೇನ್ ಜೊತೆ ಅಡ್ರಿನಲಿನ್ ಬೆರೆಸುವುದು ಈ ರಕ್ತನಾಳಗಳನ್ನು ಬಿಗಿ ಮಾಡಲಿಕ್ಕೆ. 80,000ಕ್ಕೆ 1ರಷ್ಟು ಇದ್ದರೆ ಸಾಕು.

ದಂತವೈದ್ಯೆ (ಹಾಸನ)

ಮೇಷ್ಟ್ರು ಹೇಳಿದ ರಸಾಯನಶಾಸ್ತ್ರ ಸರಿ. ಆದರೆ ಹೇಮಾವತಿ ಅವರ ಹಲ್ಲಿಗೆ ಅದು ಪೂರ್ತಿ ಹೊಂದಲ್ಲ. ಅವರು ಬರೆದಿದ್ದನ್ನು ಇನ್ನೊಮ್ಮೆ ಓದಿ. ಕೆಳಗಿನ ದವಡೆ ಹಲ್ಲು. ತುಟಿ ಪೂರ್ತಿ ಮರಗಟ್ಟಿತ್ತು.

ಮೇಲಿನ ಹಲ್ಲಿಗೆ ನಾವು ಬೇರಿನ ಪಕ್ಕದಲ್ಲೇ ಚುಚ್ಚುತ್ತೇವೆ. ಅಲ್ಲಿನ ಮೂಳೆ ತೆಳು, ಔಷಧಿ ಇಳಿಯುತ್ತದೆ. ಅಲ್ಲಿ ಕೀವಿದ್ದರೆ ಹುಳಿಯ ಲೆಕ್ಕ ನಡೆಯುತ್ತದೆ. ಕೆಳದವಡೆಯ ಮೂಳೆ ಗಟ್ಟಿ. ಅದಕ್ಕೇ ಬಾಯಿಯ ಹಿಂಭಾಗದಲ್ಲಿ, ನರ ಮೂಳೆಯೊಳಗೆ ಹೊಕ್ಕುವ ಜಾಗದ ಹತ್ತಿರ ಚುಚ್ಚುತ್ತೇವೆ. ಅಲ್ಲಿಂದ ಕೆಟ್ಟ ಹಲ್ಲು ದೂರ ಇದೆ. ಸಾಮಾನ್ಯವಾಗಿ ಅಲ್ಲಿ ಕೀವೂ ಇಲ್ಲ, ಹುಳಿಯೂ ಇಲ್ಲ. ಔಷಧಿ ನರಕ್ಕೆ ಇಳಿಯಿತು ಅನ್ನುವುದಕ್ಕೆ ತುಟಿ ಮರಗಟ್ಟಿದ್ದೇ ಸಾಕ್ಷಿ. ತುಟಿಗೂ ಆ ಹಲ್ಲಿಗೂ ಅದೇ ನರ.

ಮತ್ತೆ ಹಲ್ಲಿಗೆ ಮಾತ್ರ ಯಾಕೆ ನೋವು? ಬದಲಾಗಿರುವುದು ನರವೇ. ತುಂಬಾ ದಿನ ಉರಿಯೂತ ಇದ್ದರೆ ಆ ಹಲ್ಲಿನ ನೋವಿನ ಎಳೆಗಳು ಸಣ್ಣ ತಾಗುವಿಕೆಗೂ ಕೂಗಲು ಶುರು ಮಾಡುತ್ತವೆ. ಸೋಡಿಯಂ ಚಾನೆಲ್‌ಗಳಲ್ಲಿ ಹಲವು ಬಗೆ ಇವೆ. ನೋವಿನ ಎಳೆಗಳಲ್ಲಿ ಎನ್‌ಎವಿ 1.8 ಅನ್ನುವ ಬಗೆ ಇದೆ. ಉರಿಯೂತದಲ್ಲಿ ಅದರ ಆಟ ಜಾಸ್ತಿಯಾಗುತ್ತದೆ. ಅದು ಲಿಡೋಕೇನ್‌ಗೆ ಬೇರೆಯವುಗಳಷ್ಟು ಸುಲಭಕ್ಕೆ ಜಗ್ಗಲ್ಲ. ಅಂದರೆ ಔಷಧಿ ಪೊರೆ ದಾಟಿದೆ, ಚಾನೆಲ್ ಹತ್ತಿರವೂ ಹೋಗಿದೆ, ಅಲ್ಲಿ ಕೂತಿರುವ ಚಾನೆಲ್ಲೇ ಬೇರೆ.

ಇಂಥ ಸಮಯದಲ್ಲಿ ಹಲ್ಲಿನ ಬೇರಿನ ಸಂದಿಗೆ ನೇರವಾಗಿ ಇನ್ನಷ್ಟು ಕೊಡಬಹುದು, ಆರ್ಟಿಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧಿ ಬಳಸಬಹುದು. ನಿಮ್ಮ ಡಾಕ್ಟರು ಮುಂದಕ್ಕೆ ಹಾಕಿದ್ದು ತಪ್ಪಲ್ಲ. ಒಂದು ಮಾತ್ರ ನೆನಪಿಡಿ. ಬರೀ ಆಂಟಿಬಯೋಟಿಕ್ ನುಂಗಿ, ಊತ ಇಳಿಯಿತು ಅಂತ ಸುಮ್ನೆ ಇದ್ದುಬಿಡಬೇಡಿ. ಕೀವು ಹೊರಗೆ ಹೋಗಬೇಕು, ಹಲ್ಲಿಗೆ ಒಂದು ಗತಿ ಕಾಣಿಸಬೇಕು. ಬಾಯಿ ತೆರೆಯಲು ಆಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ಊತ ಗಂಟಲಿಗೆ ಇಳಿದರೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೊರಡಿ.

ಹೇಮಾವತಿ ದಂಡೆ

ಅಮ್ಮಾ, ತುಟಿ ಮರಗಟ್ಟಿದ್ದರಲ್ಲಿ ಇಷ್ಟು ಇತ್ತು ಅಂತ ಗೊತ್ತಿರಲಿಲ್ಲ. ನಾನು ಸುಮ್ನೆ ಬರೆದಿದ್ದೆ. ಇನ್ನೊಂದು ಕೇಳ್ತೀನಿ, ಬೈಬೇಡಿ. ವಸಡಿಗೆ ಸ್ವಲ್ಪ ಸುಣ್ಣ ಹಚ್ಚಿಕೊಂಡು ಬಂದರೆ ಹುಳಿ ಕಮ್ಮಿ ಆಗಲ್ವಾ?

ದಂತವೈದ್ಯೆ

ಬೈಯದೇ ಇರುವುದು ಹೇಗೆ! ಸುಣ್ಣ ವಸಡನ್ನು ಸುಡುತ್ತದೆ. ಹಚ್ಚಲೇಬೇಡಿ. ಕೆನ್ನೆ ಬಾತಿರುವ ಹೊತ್ತಿಗೆ ಸುಟ್ಟ ಗಾಯ ಬೇರೆ ಬೇಕಾ?

ಆದರೆ ಯೋಚನೆ ದಿಕ್ಕು ತಪ್ಪಿಲ್ಲ. ಅಡ್ರಿನಲಿನ್ ಕೆಡಬಾರದು ಅಂತ ಆ ಔಷಧಿಯನ್ನು ಹುಳಿಯಾಗಿಯೇ ತಯಾರಿಸುತ್ತಾರೆ, ಪಿಎಚ್ 4ರ ಆಸುಪಾಸು. ಚುಚ್ಚಿದಾಗ ಉರಿಯುವುದಕ್ಕೆ ಅದೂ ಒಂದು ಕಾರಣ. ಕೆಲವು ಕಡೆ ಚುಚ್ಚುವ ಮೊದಲು ಅದಕ್ಕೆ ಅಳತೆ ನೋಡಿ ಸೋಡಿಯಂ ಬೈಕಾರ್ಬನೇಟ್ ಬೆರೆಸುತ್ತಾರೆ. ಉರಿ ಕಮ್ಮಿ ಆಗುತ್ತದೆ, ಸ್ವಲ್ಪ ಬೇಗ ಹಿಡಿಯುತ್ತದೆ.

ಕ್ಯೂರಿಂಗ್ ವರ್ಕ್ಸ್ ಲೆಕ್ಕಪತ್ರ (ಚಿಕ್ಕಮಗಳೂರು)

ಚಾನೆಲ್ ವಿಷಯ ಬಂತಲ್ಲ, ಇದೊಂದು ಕೇಳಿಬಿಡ್ತೀನಿ. ಮಗನ ಪುಸ್ತಕದಲ್ಲಿ ಓದಿದೆ. ಪೊಟ್ಯಾಶಿಯಂ ಚಾನೆಲ್‌ನಲ್ಲಿ ಪೊಟ್ಯಾಶಿಯಂ ಹೋಗುತ್ತದಂತೆ, ಸೋಡಿಯಂ ಹೋಗಲ್ಲವಂತೆ. ಸೋಡಿಯಂ ಚಿಕ್ಕದು ಅಂತಲೂ ಅದೇ ಪುಟದಲ್ಲಿದೆ. ನಮ್ಮಲ್ಲಿ ಕಾಫಿ ಬೀಜ ಜರಡಿಗೆ ಹಾಕಿದರೆ ಚಿಕ್ಕದು ಕೆಳಗೆ ಬೀಳುತ್ತದೆ, ದೊಡ್ಡ ಎಎ ಗ್ರೇಡ್ ಬೀಜ ಮೇಲೆ ನಿಲ್ಲುತ್ತದೆ. ದೊಡ್ಡದು ಇಳಿದು ಚಿಕ್ಕದು ನಿಲ್ಲುವ ಜರಡಿ ನಾನಂತೂ ನೋಡಿಲ್ಲ ಮಾರಾಯ್ರೆ.

ಜೀವಶಾಸ್ತ್ರ ಮೇಷ್ಟ್ರು

ಈ ಪ್ರಶ್ನೆ ವಿಜ್ಞಾನಿಗಳಿಗೂ ಬಹಳ ಕಾಲ ಕಾಡಿತ್ತು. ಉತ್ತರ ಕಣ್ಣಿಗೆ ಕಂಡಿದ್ದು 1998ರಲ್ಲಿ. ರಾಡರಿಕ್ ಮೆಕಿನನ್ ತಂಡ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪೊಟ್ಯಾಶಿಯಂ ಚಾನೆಲ್ ಅನ್ನು ಹರಳಾಗಿಸಿ ಎಕ್ಸ್-ರೇ ಹಾಯಿಸಿ ನೋಡಿತು. 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನೀರಿನ ಚಾನೆಲ್ ಕಂಡುಹಿಡಿದ ಪೀಟರ್ ಅಗ್ರಿ ಜೊತೆಗೆ ಹಂಚಿಕೊಂಡರು.

ನಿಮ್ಮ ಜರಡಿಯಲ್ಲಿ ಬೀಜ ಬರಿಮೈಯಲ್ಲಿ ಬೀಳುತ್ತದೆ. ಅಯಾನು ಹಾಗಲ್ಲ. ನೀರು ಹೊದ್ದುಕೊಂಡೇ ಬರುತ್ತದೆ. ಚಾನೆಲ್‌ನ ಕಿರಿದಾದ ಭಾಗದಲ್ಲಿ ನೀರು ಸಮೇತ ಹೋಗಲು ಜಾಗ ಇಲ್ಲ. ನೀರು ಕಳಚಲೇಬೇಕು. ಕಳಚಲು ಶಕ್ತಿ ಬೇಕು. ಅದಕ್ಕೆ ಬದಲಾಗಿ ಅಲ್ಲಿ ಗೋಡೆಯಿಂದ ಆಮ್ಲಜನಕದ ಪರಮಾಣುಗಳು ಒಳಮುಖವಾಗಿ ಚಾಚಿಕೊಂಡಿವೆ. ಪೊಟ್ಯಾಶಿಯಂ ಒಳಗೆ ಬಂದರೆ ಅವು ಸುತ್ತಲೂ ಸರಿಯಾಗಿ ತಾಗುತ್ತವೆ. ನೀರಿನಲ್ಲಿ ಇದ್ದಷ್ಟೇ ಹಾಯಾಗಿರುತ್ತದೆ. ನಷ್ಟ ಇಲ್ಲ. ಸೋಡಿಯಂನ ತ್ರಿಜ್ಯ 0.095 ನ್ಯಾನೋಮೀಟರ್, ಪೊಟ್ಯಾಶಿಯಂನದು 0.133. ಸೋಡಿಯಂ ಒಳಗೆ ಬಂದರೆ ಆ ಆಮ್ಲಜನಕಗಳು ಅಷ್ಟೂ ಅದಕ್ಕೆ ಎಟುಕುವುದಿಲ್ಲ. ನೀರೂ ಹೋಯಿತು, ಬದಲಿಯೂ ಸಿಗಲಿಲ್ಲ. ಅದಕ್ಕೆ ಹೊರಗೇ ಉಳಿಯುತ್ತದೆ.

ಸುಮಾರು ಹತ್ತು ಸಾವಿರ ಪೊಟ್ಯಾಶಿಯಂ ಹೋದರೆ ಒಂದು ಸೋಡಿಯಂ ನುಸುಳೀತು. ಇಷ್ಟು ಕಟ್ಟುನಿಟ್ಟಾಗಿದ್ದರೂ ತೆರೆದ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹತ್ತು ಕೋಟಿಯವರೆಗೆ ಅಯಾನು ಸಾಗಬಲ್ಲವು. ನನಗಂತೂ ಜೀವಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಯಂತ್ರ ಕಂಡಿಲ್ಲ.

ಕ್ಯೂರಿಂಗ್ ವರ್ಕ್ಸ್ ಲೆಕ್ಕಪತ್ರ

ಅರ್ಥ ಆಯ್ತು. ಅಂದಹಾಗೆ ನಮ್ಮ ಕಾಫಿಗೂ ಈ ಚಾರ್ಜ್ ತಾಪತ್ರಯ ಇದೆಯಾ?

ಜೀವಶಾಸ್ತ್ರ ಮೇಷ್ಟ್ರು

ಇಲ್ಲ. ಮೈಯೊಳಗಿನ ಪಿಎಚ್‌ನಲ್ಲಿ ಕೆಫೀನ್‌ಗೆ ಚಾರ್ಜ್ ಇರುವುದೇ ಇಲ್ಲ. ಅದಕ್ಕೇ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತಿಗೆಲ್ಲ ಮೆದುಳಿಗೆ ತಲುಪುತ್ತದೆ. ಅಲ್ಲಿ ಅದು ನರಕೋಶದ ಒಳಗೇನೂ ಹೋಗಬೇಕಿಲ್ಲ. ಹೊರಮೈಯಲ್ಲಿ ನಿದ್ದೆ ತರಿಸುವ ಅಡಿನೋಸಿನ್ ಎಂಬ ವಸ್ತು ಕೂರುವ ಜಾಗ ಹಿಡಿದರೆ ಸಾಕು, ನಿದ್ದೆ ದೂರ. ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಕಾಫಿ ಕುಡಿದು ರಾತ್ರಿ ಹೊರಳಾಡುವವರು ಲೆಕ್ಕ ಹಾಕಿಕೊಳ್ಳಿ.

ಮೂಡಿಗೆರೆ ಮಳೆ

ನಮ್ಮ ಕಡೆಯ ಅನುಭವ ಒಂದು. ತರಕಾರಿಗೆ ಹುಳುವಿನ ಔಷಧಿ ಸೈಪರ್‌ಮೆಥ್ರಿನ್ ಹೊಡೆದ ದಿನ ಸಂಜೆ ಮುಖವೆಲ್ಲ ಚುಮುಚುಮು, ಉರಿ. ಬೆವರಿದರೆ ಇನ್ನೂ ಜಾಸ್ತಿ. ಕನ್ನಡಿಯಲ್ಲಿ ನೋಡಿದರೆ ದದ್ದಿಲ್ಲ, ಕೆಂಪಿಲ್ಲ. ಇದು ಅಲರ್ಜಿ ಅಲ್ಲ, ನರದ್ದು ಅಂತ ಕೃಷಿ ಇಲಾಖೆಯವರೊಬ್ಬರು ಹೇಳಿದ್ದರು. ನಿಜವಾ?

ಇನ್ನೂ ಒಂದಿದೆ. ತೋಟಕ್ಕೆ ಹೋಗುವಾಗ ಇಂಬಳಕ್ಕೆ (ನೆಲದ ಜಿಗಣೆಗೆ) ಅಂತ ಕೆಲವರು ಕಾಲಿಗೆ ನಶ್ಯ ಬಳಿದುಕೊಳ್ಳುತ್ತಾರೆ, ಕೆಲವರು ಉಪ್ಪಿನ ಗಂಟು ಇಟ್ಟುಕೊಳ್ಳುತ್ತಾರೆ. ಅದೂ ಈ ಪೊರೆ ಲೆಕ್ಕವೇ?

ಜೀವಶಾಸ್ತ್ರ ಮೇಷ್ಟ್ರು

ಇಲಾಖೆಯವರು ಸರಿಯಾಗಿ ಹೇಳಿದ್ದಾರೆ. ಸೈಪರ್‌ಮೆಥ್ರಿನ್ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಚರ್ಮದೊಳಗಿನ ನರದ ತುದಿಗೆ ಇಳಿಯುತ್ತದೆ. ಲಿಡೋಕೇನ್ ಸೋಡಿಯಂ ಚಾನೆಲ್ ಮುಚ್ಚಿದರೆ ಇದು ಮುಚ್ಚಲು ಬಿಡುವುದಿಲ್ಲ. ಸೋಡಿಯಂ ಸೋರುತ್ತಲೇ ಇರುತ್ತದೆ, ನರ ಕಾರಣವಿಲ್ಲದೆ ಮತ್ತೆ ಮತ್ತೆ ಮಿಡಿಯುತ್ತದೆ. ಅದೇ ಚುಮುಚುಮು. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಹುಳು ಸಾಯುವುದೂ ಇದೇ ರೀತಿಯಲ್ಲಿ. ಅವುಗಳ ಚಾನೆಲ್ ಇದಕ್ಕೆ ಬೇಗ ಬಲಿಯಾಗುತ್ತದೆ. ನಮ್ಮ ಮೈ ಇದನ್ನು ಬೇಗ ಒಡೆದು ಹಾಕುತ್ತದೆ, ಅದಕ್ಕೆ ನಾವು ಬಚಾವ್. ಮೀನಿಗೆ ಆ ಅನುಕೂಲ ಇಲ್ಲ. ಹೊಡೆದಾದ ಮೇಲೆ ಪಂಪನ್ನು ದಯವಿಟ್ಟು ಹಳ್ಳದಲ್ಲಿ ತೊಳೆಯಬೇಡಿ.

ಇಂಬಳದ ಪ್ರಶ್ನೆ ನನಗೆ ಇಷ್ಟವಾಯಿತು. ಉಪ್ಪು ಮಾಡುವುದು ಬೇರೆ ಕೆಲಸ. ಅದರ ಒದ್ದೆ ಮೈಯಿಂದ ನೀರು ಎಳೆಯುತ್ತದೆ. ನಶ್ಯದಲ್ಲಿರುವುದು ನಿಕೋಟಿನ್. ಅದು ಒಳಗೆ ಇಳಿದು ಸ್ನಾಯುವನ್ನೇ ಮುರುಟಿಸುತ್ತದೆ. ಜಿಗಣೆಯ ಸ್ನಾಯು ಅಸಿಟೈಲ್‌ಕೋಲಿನ್‌ಗೆ ಎಷ್ಟು ಸೂಕ್ಷ್ಮ ಅಂದರೆ, 1930ರ ದಶಕದಲ್ಲಿ ನರದ ತುದಿಯಿಂದ ಆ ವಸ್ತು ಹೊರಬರುತ್ತದೆ ಅಂತ ತೋರಿಸಲು ಅದನ್ನೇ ಅಳತೆಗೋಲಾಗಿ ಬಳಸಿದರು. 1960ರ ದಶಕದಲ್ಲಿ ಸ್ಟೀಫನ್ ಕಫ್ಲರ್ ಜಿಗಣೆಯ ನರಗಂಟುಗಳ ಮೇಲೆಯೇ ಕೆಲಸ ಮಾಡಿದರು. ಅದರ ನರಕೋಶ ದೊಡ್ಡದು, ಎಲೆಕ್ಟ್ರೋಡ್ ಚುಚ್ಚುವುದು ಸುಲಭ. ನಾವು ಉಪ್ಪು ಹಾಕಿ ಕಿತ್ತೆಸೆಯುವ ಇಂಬಳದ ನೆಂಟರಿಗೆ ವಿಜ್ಞಾನದಲ್ಲಿ ಇಷ್ಟು ಮರ್ಯಾದೆ ಇದೆ!

ವಾರ್ಡ್ ಸಿಸ್ಟರ್ (ಹಾಸನ)

ನಾನು ಪೊಟ್ಯಾಶಿಯಂ ಬಗ್ಗೆ ಒಂದು ಸೇರಿಸುತ್ತೇನೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕೋಶದ ಒಳಗೆ 140ರ ಹತ್ತಿರ ಇರುತ್ತದೆ. ಕಡಿಮೆಯಾದವರಿಗೆ ಪೊಟ್ಯಾಶಿಯಂ ಕ್ಲೋರೈಡ್ ಕೊಡುವಾಗ ಯಾವತ್ತೂ ನೇರವಾಗಿ ರಕ್ತನಾಳಕ್ಕೆ ತಳ್ಳುವುದಿಲ್ಲ. ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಬಿಡುತ್ತೇವೆ. ಪೇಷೆಂಟ್ ಕಡೆಯವರು "ಸಿಸ್ಟರ್, ಸ್ವಲ್ಪ ಜೋರಾಗಿ ಬಿಡಿ, ಊರಿಗೆ ಬಸ್ಸಿದೆ" ಅಂತಾರೆ. ಹೊರಗಿನ ಪೊಟ್ಯಾಶಿಯಂ ಏಕಾಏಕಿ ಏರಿದರೆ ಪೊರೆಯ ಮೇಲಿನ ವೋಲ್ಟೇಜ್ ಕೆಡುತ್ತದೆ, ಹೃದಯ ನಿಲ್ಲಬಹುದು. ಡ್ರಿಪ್‌ನ ಗಾಲಿಯನ್ನು ನೀವೇ ತಿರುಗಿಸಬೇಡಿ.

ಮತ್ತೆ ಹಟ್ಟಿ ಪಕ್ಕ ಕಣಗಿಲೆ ನೆಟ್ಟಿರುವವರು ದನಕ್ಕೆ ಸಿಗದ ಹಾಗೆ ನೋಡಿಕೊಳ್ಳಿ. ಅದರ ವಿಷ ಕೋಶದಿಂದ ಸೋಡಿಯಂ ಹೊರಗೆ ಹಾಕಿ ಪೊಟ್ಯಾಶಿಯಂ ಒಳಗೆ ತರುವ ಸೋಡಿಯಂ-ಪೊಟ್ಯಾಶಿಯಂ ಪಂಪನ್ನೇ ನಿಲ್ಲಿಸುತ್ತದೆ. ಕತ್ತರಿಸಿದ ಸೊಪ್ಪು ಒಣಗಿದರೂ ವಿಷ ಹೋಗಲ್ಲ.

ಬೇಲೂರು ಪಿಯು ಹುಡುಗಿ

ಪಂಪ್ ಅಂದಿದ್ದಕ್ಕೆ ಕೇಳ್ತೀನಿ. ಗೈಡಲ್ಲಿ ಹೀಗಿದೆ: ಸೋಡಿಯಂ ಒಳಗೆ ಬಂದು ಸಂದೇಶ ಹುಟ್ಟುತ್ತದೆ, ಆಮೇಲೆ ಪಂಪ್ ಸೋಡಿಯಂ ಹೊರಗೆ ಹಾಕಿ ನರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಹಾಗಾದರೆ ಪಂಪ್ ನಿಂತ ತಕ್ಷಣ ನರ ಸತ್ತುಹೋಗಬೇಕಲ್ವಾ ಸರ್?

ಜೀವಶಾಸ್ತ್ರ ಮೇಷ್ಟ್ರು

ಆ ಗೈಡನ್ನು ಪಕ್ಕಕ್ಕಿಡು. ವೋಲ್ಟೇಜನ್ನು ಮೊದಲಿನ ಸ್ಥಿತಿಗೆ ತರುವುದು ಪಂಪ್ ಅಲ್ಲ.

ನರ ಸುಮ್ಮನಿದ್ದಾಗ ಒಳಗೆ ಸುಮಾರು -70 ಮಿಲಿವೋಲ್ಟ್. ಸೋಡಿಯಂ ಚಾನೆಲ್ ತೆರೆದಾಗ ಸೋಡಿಯಂ ಒಳಗೆ ನುಗ್ಗಿ ಅದು ಪ್ಲಸ್ ಕಡೆಗೆ ಏರುತ್ತದೆ. ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಆ ಚಾನೆಲ್ ತಾನಾಗೇ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಪೊಟ್ಯಾಶಿಯಂ ಚಾನೆಲ್ ತೆರೆಯುತ್ತದೆ, ಪೊಟ್ಯಾಶಿಯಂ ಹೊರಗೆ ಹರಿಯುತ್ತದೆ, ವೋಲ್ಟೇಜ್ ಇಳಿಯುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಇದನ್ನೆಲ್ಲ ಅಳೆದು ಸಮೀಕರಣ ಬರೆದರು. ಸ್ಕ್ವಿಡ್ ಎಂಬ ಸಮುದ್ರಜೀವಿಯ ಅರ್ಧ ಮಿಲಿಮೀಟರಿನಷ್ಟು ದಪ್ಪದ ನರ ಅವರಿಗೆ ಸಿಕ್ಕಿತ್ತು. 1963ರಲ್ಲಿ ಎಕ್ಲ್ಸ್ ಜೊತೆ ನೊಬೆಲ್ ಬಂತು.

ಪಂಪ್ ಬೇರೆಯೇ ಲೆಕ್ಕದ್ದು. ಏಡಿಯ ಕಾಲಿನ ನರದಲ್ಲಿ ಅದನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೂ. ನೊಬೆಲ್ ಬರಲು 40 ವರ್ಷ ಕಾಯಬೇಕಾಯಿತು. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಂದನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಶಿಯಂ ಒಳಗೆ. ಚಾನೆಲ್‌ಗೆ ಹೋಲಿಸಿದರೆ ತುಂಬಾ ನಿಧಾನ, ಸೆಕೆಂಡಿಗೆ ಕೆಲವು ನೂರು ಅಯಾನು. ಒಂದು ಮಿಲಿಸೆಕೆಂಡಿನಲ್ಲಿ ಅದು ಏನು ತಾನೇ ಮಾಡೀತು? ಸೋರಿ ಹೋದದ್ದನ್ನು ಹಗಲೂ ರಾತ್ರಿ ತುಂಬಿಸುವುದು ಅದರ ಕೆಲಸ. ಮೈತೂಕದಲ್ಲಿ ನೂರಕ್ಕೆ 2 ಭಾಗ ಇರುವ ಮೆದುಳು ನಾವು ಸುಮ್ಮನೆ ಕೂತಾಗಲೂ ನೂರಕ್ಕೆ 20 ಭಾಗ ಆಮ್ಲಜನಕ ಬಳಸುತ್ತದೆ. ಅದರಲ್ಲಿ ದೊಡ್ಡ ಪಾಲು ಈ ಪಂಪಿಗೇ.

ಇನ್ನು ನಿನ್ನ ಪ್ರಶ್ನೆ. 1955ರಲ್ಲಿ ಹಾಡ್ಜ್‌ಕಿನ್ ಮತ್ತು ಕೀನ್ಸ್ ಸ್ಕ್ವಿಡ್ ನರಕ್ಕೆ ವಿಷ ಹಾಕಿ ಎಟಿಪಿ ಇಲ್ಲದ ಹಾಗೆ ಮಾಡಿದರು. ಸೋಡಿಯಂ ಹೊರಗೆ ಹೋಗುವುದು ಬಹುಮಟ್ಟಿಗೆ ನಿಂತಿತು. ಸಂದೇಶ ಮಾತ್ರ ಹೋಗುತ್ತಲೇ ಇತ್ತು. ಯಾಕೆ? ಒಂದು ಸಂದೇಶಕ್ಕೆ ಅಷ್ಟು ದಪ್ಪ ನರದಿಂದ ಹೊರಗೆ ಹೋಗುವ ಪೊಟ್ಯಾಶಿಯಂ ಒಳಗಿರುವುದರ ಹತ್ತು ಲಕ್ಷದಲ್ಲಿ ಒಂದು ಪಾಲು ಅಷ್ಟೇ. ದಾಸ್ತಾನು ಅಷ್ಟಿರುವಾಗ ಪಂಪ್ ನಿಂತರೂ ಸಾವಿರಾರು ಸಲ ಮಿಡಿಯಬಹುದು.

ಬೇಲೂರು ಪಿಯು ಹುಡುಗಿ

ಸರ್, ಅದು ದಪ್ಪ ನರ. ನಮ್ಮ ಹಲ್ಲಿನ ನೋವಿನ ನರ ತೆಳು ಅಲ್ವಾ? ಒಳಗೆ ದಾಸ್ತಾನೂ ಕಮ್ಮಿ ಇರಬೇಕು.

ಜೀವಶಾಸ್ತ್ರ ಮೇಷ್ಟ್ರು

ಹೌದು. ಒಂದು ಮೈಕ್ರೋಮೀಟರಿನಷ್ಟು ತೆಳು ಎಳೆಯಲ್ಲಿ ಪೊರೆ ಜಾಸ್ತಿ, ಒಳಗಿನ ಜಾಗ ಕಮ್ಮಿ. ಲೆಕ್ಕ ಹಾಕಿದರೆ ಪ್ರತಿ ಸಂದೇಶಕ್ಕೂ ಸಾವಿರದಲ್ಲಿ ಒಂದು ಪಾಲಿನಷ್ಟು ಖರ್ಚು ಬರುತ್ತದೆ. ಅಂಥ ಎಳೆಗೆ ಪಂಪ್ ಕೈಕೊಟ್ಟರೆ ನೂರಾರು ಮಿಡಿತದಲ್ಲೇ ಸುಸ್ತಾಗುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆಯಬೇಡ, ನಾಲ್ಕು ಮಾರ್ಕಿನ ಪ್ರಶ್ನೆ. ವೋಲ್ಟೇಜ್ ಇಳಿಸುವುದು ಪೊಟ್ಯಾಶಿಯಂ ಚಾನೆಲ್, ದಾಸ್ತಾನು ಕಾಯುವುದು ಪಂಪ್ ಅಂತ ಎರಡು ಸಾಲು ಬರೆದು ಚಿತ್ರ ಹಾಕು.